ಗೋಡೆಯ ಮೇಲಿನ ಮೌಲ್ಯಗಳೂ ಗೋದಾಮಿನ ನಡವಳಿಕೆಯೂ

ಚಿಕ್ಕಮಗಳೂರಿನಲ್ಲಿ ಕಾಫಿಯನ್ನು ಸಂಸ್ಕರಿಸಿ, ಹುರಿದು, ಮಾರುವ ಒಂದು ಸಂಸ್ಥೆಯಲ್ಲಿ ಸಿಬ್ಬಂದಿಯ ಹೊಣೆ ಹೊತ್ತು ಕೆಲಸ ಮಾಡುತ್ತಿರುವ ನನಗೆ ಹೊರಗಿನವರಿಂದಲೂ ಒಳಗಿನವರಿಂದಲೂ ಪದೇ ಪದೇ ಕೇಳಿಬರುವ ಮಾತೊಂದಿದೆ: "ನಮ್ಮದು ಮನೆಯ ಹಾಗಿರುವ ಜಾಗ, ಇಲ್ಲಿ ಹೇಗಿರಬೇಕೆಂದು ಬರೆದಿಡುವ ಅಗತ್ಯವೇನು?" ಈ ಮಾತನ್ನಾಡುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಹೀಗೆ ಹೇಳುವವರು ಸಾಮಾನ್ಯವಾಗಿ ಆ ಜಾಗದಲ್ಲಿ ಬಹಳ ಕಾಲದಿಂದ ಇದ್ದವರು, ಅಲ್ಲಿನ ರೀತಿನೀತಿಗಳನ್ನು ಯಾರೂ ಹೇಳಿಕೊಡದೆಯೇ ಕಲಿತುಕೊಂಡವರು ಎಂಬುದನ್ನು ನಾನು ಗಮನಿಸಿದ್ದೇನೆ. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ, ಕಡೂರಿನಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಬಿ.ಕಾಂ. ಮುಗಿಸಿದ ಹುಡುಗಿಗಾಗಲಿ, ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದು ಮೂಟೆ ಹೊರುವ ಹುಡುಗನಿಗಾಗಲಿ ಇದು ಮನೆಯಂತೆ ಕಾಣುವುದಿಲ್ಲ. ಅವರಿಗೆ ಕಾಣುವುದು ಯಾರೂ ಬಾಯಿಬಿಟ್ಟು ಹೇಳದ, ಮೀರಿದ ಮೇಲಷ್ಟೇ ಗೊತ್ತಾಗುವ ನೂರೆಂಟು ಗೆರೆಗಳು.

ನಿಯಮವಿಲ್ಲದ ಕೆಲಸದ ಜಾಗ ಎಂಬುದೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಲೆನಾಡಿನ ಕಾಫಿ ತೋಟಗಳನ್ನೇ ನೋಡಿ. ಸಾಹುಕಾರರು, ಮ್ಯಾನೇಜರು, ರೈಟರು, ಮೇಸ್ತ್ರಿ, ಆಳು ಎಂಬ ಶ್ರೇಣಿ ಯಾವ ಪುಸ್ತಕದಲ್ಲೂ ಬರೆದಿರದಿದ್ದರೂ, ಜೀಪು ಬಂದಾಗ ಯಾರು ಏಳಬೇಕು, ಯಾರು ಎಲ್ಲಿ ನಿಂತು ಮಾತನಾಡಬೇಕು, ಯಾರ ದೂರು ಯಾರ ಮೂಲಕ ಮೇಲಕ್ಕೆ ಹೋಗಬೇಕು ಎಂಬುದು ಆಳುಗಳು ವಾಸಿಸುವ ಲೈನ್ ಮನೆಯ ಮಕ್ಕಳಿಗೂ ತಿಳಿದಿರುತ್ತಿತ್ತು. ಆಳಿನ ದೂರು ಮೇಸ್ತ್ರಿಯ ಮೂಲಕವೇ ಹೋಗಬೇಕಾಗಿದ್ದರಿಂದ ಮೇಸ್ತ್ರಿಯ ಮೇಲೆಯೇ ಇರುವ ದೂರಿಗೆ ದಾರಿ ಇರುತ್ತಿರಲಿಲ್ಲ. ತೋಟದ ಈ ಕ್ರಮವೇ ಪೇಟೆಯ ಗೋದಾಮುಗಳಿಗೂ ಕಚೇರಿಗಳಿಗೂ ಬಂದು, ಹೆಸರು ಮಾತ್ರ ಬದಲಾಗಿ, ಮೇಸ್ತ್ರಿ ಸೂಪರ್‌ವೈಸರ್ ಆಗಿ ಉಳಿದುಕೊಂಡಿದೆ. ಆದ್ದರಿಂದ ನಡವಳಿಕೆಯನ್ನು ಒಟ್ಟಾಗಿ ಕುಳಿತು ನಿರ್ಧರಿಸುವುದೆಂದರೆ, ಈಗಾಗಲೇ ಇರುವ ಕಟ್ಟಳೆಗಳನ್ನು ಬೆಳಕಿಗೆ ತಂದು, ಇವುಗಳಲ್ಲಿ ಯಾವುದು ಇರಲಿ, ಯಾವುದು ಹೋಗಲಿ ಎಂದು ಅವುಗಳಡಿಯಲ್ಲಿ ದುಡಿಯುವವರನ್ನೇ ಕೇಳುವುದು.

ಕಾನೂನು ಈ ಕೆಲಸದ ಒಂದು ಭಾಗವನ್ನು ಮಾಡುತ್ತದೆ. 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳ) ಕಾಯ್ದೆಯು ಹಾಜರಿ, ರಜೆ, ದುರ್ನಡತೆ, ಕುಂದುಕೊರತೆ ಮುಂತಾದವುಗಳ ನಿಯಮಗಳನ್ನು ಬರೆದು, ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕೆಂದು ದೊಡ್ಡ ಉದ್ಯಮಗಳಿಗೆ ವಿಧಿಸಿತು. ಆ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶವೆಂದರೆ, ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ, ಹೆಚ್ಚಿನ ಕಾರ್ಮಿಕರು ಒಳಬರುವ ಬಾಗಿಲ ಬಳಿಯಲ್ಲಿಯೇ ಹಾಕಬೇಕೆಂಬ ಷರತ್ತು. ಮ್ಯಾನೇಜರರ ಕೋಣೆಯ ಗೋಡೆಗಲ್ಲ, ಕಾರ್ಮಿಕರ ಬಾಗಿಲಿಗೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ವಿಷಯವನ್ನು ತನ್ನೊಳಗೆ ಸೇರಿಸಿಕೊಂಡು, 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅದನ್ನು ಸೀಮಿತಗೊಳಿಸಿತು. ನಮ್ಮಂತಹ ಸಂಸ್ಥೆಗಳು ಅದರ ವ್ಯಾಪ್ತಿಯ ಹೊರಗೆ ಉಳಿಯುತ್ತವೆ.

ಮಹಿಳೆಯರ ಸುರಕ್ಷತೆಯ ವಿಷಯದಲ್ಲಿ ಮಾತ್ರ ಹೊರಗುಳಿಯುವ ಪ್ರಶ್ನೆಯೇ ಇಲ್ಲ. ರಾಜಸ್ಥಾನದ ಭಂವರಿ ದೇವಿಯವರ ಮೇಲೆ ನಡೆದ ಅತ್ಯಾಚಾರದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಕೊಟ್ಟ ವಿಶಾಖಾ ತೀರ್ಪು, ಅದರ ನಂತರ ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಬಂದ ಕಾಯ್ದೆ, ಇವುಗಳ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಜಾಗದಲ್ಲಿಯೂ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇಷ್ಟನ್ನೂ ಮಾಡದೆ "ನಮ್ಮ ಸಂಸ್ಕೃತಿ ಚೆನ್ನಾಗಿದೆ" ಎನ್ನುವ ಸಂಸ್ಥೆಯ ಜೊತೆ ಮುಂದಿನ ಮಾತೇ ಬೇಕಿಲ್ಲ. ಆದರೆ ಕಾನೂನು ಹೇಳುವುದು ಮುಖ್ಯವಾಗಿ ಯಾವುದನ್ನು ಮಾಡಬಾರದು ಎಂಬುದನ್ನು. ಬೆಳಗಿನಿಂದ ಸಂಜೆಯವರೆಗೆ ಒಬ್ಬರೊಡನೊಬ್ಬರು ಹೇಗೆ ಮಾತನಾಡಬೇಕು, ತಪ್ಪು ಕಂಡಾಗ ಏನು ಮಾಡಬೇಕು, ಒಪ್ಪಿಗೆಯಿಲ್ಲದ ತೀರ್ಮಾನವನ್ನು ಯಾರ ಮುಂದೆ ಹೇಗೆ ವಿರೋಧಿಸಬೇಕು ಎಂಬುದನ್ನು ಅದು ನಮಗೇ ಬಿಟ್ಟಿದೆ.

ಬಿಟ್ಟ ಆ ಜಾಗವನ್ನು ಬಹಳಷ್ಟು ಸಂಸ್ಥೆಗಳು ದೊಡ್ಡ ಪದಗಳಿಂದ ತುಂಬುತ್ತವೆ. ನಾನು ಹಿಂದೆ ಕೆಲಸ ಮಾಡಿದ ಹಾಸನದ ಒಂದು ಸಂಸ್ಥೆಯ ಸ್ವಾಗತ ಕೋಣೆಯಲ್ಲಿ ಪ್ರಾಮಾಣಿಕತೆ, ಗೌರವ, ಉತ್ಕೃಷ್ಟತೆ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಫಲಕವಿತ್ತು; ಅದರ ಎದುರಿನ ಬೆಂಚಿನಲ್ಲಿಯೇ ಗುತ್ತಿಗೆ ಕಾರ್ಮಿಕರು ಬಾಕಿ ಸಂಬಳ ಕೇಳಲು ದಿನಗಟ್ಟಲೆ ಕಾಯುತ್ತಿದ್ದರು. ಜಗತ್ತಿನ ಅತಿ ಕುಖ್ಯಾತ ಉದಾಹರಣೆ ಅಮೆರಿಕದ ಎನ್ರಾನ್. ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ ಎಂಬ ನಾಲ್ಕು ಮೌಲ್ಯಗಳನ್ನು ಸಾರುತ್ತಿದ್ದ, 2000ದಲ್ಲಿ 64 ಪುಟಗಳ ನೀತಿಸಂಹಿತೆಯನ್ನು ನೌಕರರಿಗೆಲ್ಲ ಹಂಚಿದ್ದ ಆ ಕಂಪನಿ ಲೆಕ್ಕಪತ್ರಗಳ ಮೋಸದಿಂದಾಗಿ 2001ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಗೌರವ ಎಂಬ ಪದಕ್ಕೆ ತಲೆದೂಗದವರು ಯಾರೂ ಇಲ್ಲ. ಒಬ್ಬೊಬ್ಬರೂ ತಮಗೆ ಬೇಕಾದ ಅರ್ಥವನ್ನು ಅದರಲ್ಲಿ ತುಂಬಿಕೊಂಡು ಮನೆಗೆ ಹೋಗುತ್ತಾರೆ, ಮರುದಿನದ ನಡವಳಿಕೆ ಹಿಂದಿನ ದಿನದಂತೆಯೇ ಇರುತ್ತದೆ.

ಆದ್ದರಿಂದ ನಮ್ಮ ನಡವಳಿಕೆಯ ಸಾಲುಗಳನ್ನು ಬರೆಯಲು ಹೊರಟಾಗ ನಾವು ಪದಗಳಿಂದ ಆರಂಭಿಸಲಿಲ್ಲ, ಪ್ರಶ್ನೆಯಿಂದ ಆರಂಭಿಸಿದೆವು. ಮಳೆಗಾಲದಲ್ಲಿ ಕೆಲಸ ಸ್ವಲ್ಪ ಹಗುರವಾದಾಗ ಒಂದೊಂದು ವಿಭಾಗದವರನ್ನೂ ಬೇರೆ ಬೇರೆಯಾಗಿ, ಅವರ ಮೇಲಿನವರಿಲ್ಲದೆ ಕೂರಿಸಿಕೊಂಡು, "ಮಾತನಾಡಬೇಕೆಂದು ಅನ್ನಿಸಿಯೂ ಇಲ್ಲಿ ನೀವು ಸುಮ್ಮನಾದದ್ದು ಯಾವಾಗ?" ಎಂದು ಕೇಳಿದೆವು. ಮೇಲಿನವರನ್ನು ಹೊರಗಿಟ್ಟದ್ದಕ್ಕೆ ಕೆಲವರು ಬೇಸರಿಸಿಕೊಂಡರು. ಆದರೆ ಸೂಪರ್‌ವೈಸರ್ ಎದುರಿಗಿದ್ದಾಗ ಸೆರಗಿನ ತುದಿ ನೋಡುತ್ತಾ ಕೂರುತ್ತಿದ್ದ ಬೀಜ ಆರಿಸುವ ಹೆಂಗಸರು ಅಂದು ಎರಡು ಗಂಟೆ ಎಡೆಬಿಡದೆ ಮಾತನಾಡಿದರೆಂಬುದೇ ಆ ಕ್ರಮಕ್ಕೆ ಸಾಕಷ್ಟು ಸಮರ್ಥನೆ.

ಅವರು ಹೇಳಿದ ಮೊದಲ ವಿಷಯ ಸಂಬಳವಲ್ಲ, ಏಕವಚನ. "ಏಯ್, ಬಾರೇ ಇಲ್ಲಿ" ಎಂದು ಮಗನ ವಯಸ್ಸಿನ ಸೂಪರ್‌ವೈಸರ್ ಕರೆಯುವುದು, ಅದೇ ಹುಡುಗ ಕಚೇರಿಯ ಕಂಪ್ಯೂಟರ್ ಮುಂದೆ ಕುಳಿತ ಹುಡುಗಿಯನ್ನು "ಮೇಡಂ" ಎನ್ನುವುದು. ಇಪ್ಪತ್ತು ವರ್ಷಗಳಿಂದ ಇಲ್ಲಿ ಬೀಜ ಆರಿಸುತ್ತಿರುವ ಹಿರಿಯರೊಬ್ಬರು, "ಬೈದರೆ ಮರೆತುಬಿಡುತ್ತೇವೆ ಸರ್, ದಿನಾ ಹೀಗೆ ಕರೆಯುವುದನ್ನು ಮರೆಯುವುದಕ್ಕಾಗುವುದಿಲ್ಲ" ಎಂದರು. ಈ ವಿಷಯವನ್ನು ಎಲ್ಲರ ಸಭೆಗೆ ತಂದಾಗ ಅದು ನಾವೆಣಿಸಿದಷ್ಟು ಸರಳವಾಗಿರಲಿಲ್ಲ. ನಮ್ಮ ಕಡೆ ಏಕವಚನ ಸಲಿಗೆಯದೂ ಹೌದು. ಒಂದೇ ಊರಿನವರು, ಒಟ್ಟಿಗೆ ಓದಿದವರು, ಅಕ್ಕತಂಗಿಯರಂತಿರುವವರು ಪರಸ್ಪರ "ನೀವು" ಎಂದರೆ ಜಗಳವಾಗಿದೆಯೇನೋ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಲೋಡಿಂಗ್ ಮಾಡುವವರಂತೂ "ಬಹುವಚನ ಹಾಕಿಕೊಂಡು ಮೂಟೆ ಎತ್ತುವುದಕ್ಕಾಗುತ್ತದೆಯೇ?" ಎಂದು ಕೇಳಿದರು, ನ್ಯಾಯವಾದ ಪ್ರಶ್ನೆಯೇ ಅದು. ಕೊನೆಗೆ ಒಪ್ಪಿತವಾದ ಸಾಲು ಹೀಗಿದೆ: "ಕೆಲಸದ ವೇಳೆಯಲ್ಲಿ ಯಾರನ್ನೂ ಏಕವಚನದಲ್ಲಿ ಕರೆಯುವುದಿಲ್ಲ. ನನ್ನನ್ನು ಹಾಗೆಯೇ ಕರೆಯಿರಿ ಎಂದು ಹೇಳುವ ಹಕ್ಕು ಕರೆಯಿಸಿಕೊಳ್ಳುವವರದು ಮಾತ್ರ, ಆ ಮಾತನ್ನು ಅವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಮೇಲಿನ ಸ್ಥಾನದಲ್ಲಿರುವವರು ಈ ಅನುಮತಿಯನ್ನು ತಾವಾಗಿ ಕೇಳುವಂತಿಲ್ಲ." ಕೊನೆಯ ವಾಕ್ಯವನ್ನು ಸೇರಿಸಿದವರು ಬೀಜ ಆರಿಸುವ ವಿಭಾಗದವರೇ. ಮೇಲಿನವರು ಕೇಳಿದರೆ ಕೆಳಗಿನವರು ಬೇಡವೆನ್ನಲಾರರು ಎಂಬ ತಿಳಿವಳಿಕೆ ಅವರಿಗಿದ್ದಷ್ಟು ಸ್ಪಷ್ಟವಾಗಿ ನನಗಿರಲಿಲ್ಲ. ಕೆಳಗೆ ನಿಂತು ನೋಡಿದವರಿಗೆ ಮಾತ್ರ ಕಾಣುವ ಸತ್ಯವದು. ಹಿಂದಿ ಮಾತನಾಡುವ ಹುಡುಗರ ವಿಷಯದಲ್ಲಿಯೂ ಇದೇ ನಡೆಯಬೇಕೆಂದು, "ತೂ" ಎಂದು ಕರೆಯಕೂಡದೆಂದು ಈ ಹೆಂಗಸರೇ ಒತ್ತಾಯಿಸಿದರು.

ಎರಡನೆಯದು ತಪ್ಪುಗಳ ವಿಷಯ. ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಹೊಟ್ಟು ಇನ್ನೂ ಇರುವ ಬೀಜವನ್ನು, ತೇವಾಂಶ ಶೇಕಡಾ 10ರ ಆಸುಪಾಸಿಗೆ ಬರುವವರೆಗೆ ಒಣಗಿಸಬೇಕೆಂಬುದು ಈ ಉದ್ಯಮದಲ್ಲಿರುವ ಎಲ್ಲರಿಗೂ ಗೊತ್ತು. ಸರಿಯಾಗಿ ಒಣಗದ ಮೂಟೆಗಳು ಗೋದಾಮಿನ ಒಳಗೆ ಸೇರಿಕೊಂಡರೆ ಬೂಷ್ಟು ಹಿಡಿದು, ಬಣ್ಣ ಕೆಟ್ಟು, ವಾರಗಳ ನಂತರ ಕಾಫಿ ಮಾಡಿ ರುಚಿ ನೋಡುವಾಗಷ್ಟೇ ಗುಟ್ಟು ಹೊರಬೀಳುತ್ತದೆ. ಅಳತೆ ತಪ್ಪಾಗಿದೆ ಎಂದು ಅಂದೇ ತಿಳಿದಿದ್ದವರು ಒಬ್ಬರಾದರೂ ಇರುತ್ತಾರೆ, ಹೇಳಿದರೆ ತಮ್ಮ ತಲೆಯ ಮೇಲೆಯೇ ಬರುತ್ತದೆಂದು ಅವರು ಸುಮ್ಮನಿರುತ್ತಾರೆ. ಇದಕ್ಕೆ ಸಿದ್ಧವಾದ ಸಾಲಿನಲ್ಲಿ ಎರಡು ಭಾಗಗಳಿವೆ. ತಪ್ಪು ತಿಳಿದವರು ಅದೇ ದಿನ ಹೇಳಬೇಕು, ಕೇಳಿಸಿಕೊಂಡವರ ಮೊದಲ ಪ್ರಶ್ನೆ "ಯಾವ ಲಾಟು?" ಎಂದಿರಬೇಕೇ ಹೊರತು "ಯಾರು ಮಾಡಿದ್ದು?" ಎಂದಿರಕೂಡದು. ನನ್ನ ದೃಷ್ಟಿಯಲ್ಲಿ ನಮ್ಮ ಇಡೀ ಒಪ್ಪಂದದ ಜೀವ ಇರುವುದು ಈ ಎರಡನೆಯ ಭಾಗದಲ್ಲಿ. ಹೇಳುವವನಿಗೆ ಮಾತ್ರ ಕರ್ತವ್ಯವನ್ನು ವಿಧಿಸಿ, ಕೇಳುವವನನ್ನು ಹೇಗಾದರೂ ನಡೆದುಕೊಳ್ಳಲು ಬಿಟ್ಟರೆ ಅದು ಹಂಚಿಕೊಂಡ ನಿರೀಕ್ಷೆಯಾಗುವುದಿಲ್ಲ, ಆಜ್ಞೆಯಾಗುತ್ತದೆ.

ಇದು ಕೇವಲ ಸದ್ಭಾವನೆಯ ಮಾತಲ್ಲ ಎಂಬುದಕ್ಕೆ ಅಧ್ಯಯನದ ಆಧಾರವೂ ಇದೆ. ಹಾರ್ವರ್ಡ್‌ನ ಸಂಶೋಧಕಿ ಆಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಪರಿಶೀಲಿಸುವಾಗ, ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆಂದು ಭಾವಿಸಿದ್ದರು. ಆದರೆ ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದುದರಿಂದಲ್ಲ, ಮಾಡಿದ ತಪ್ಪನ್ನು ಹೇಳಲು ಅಲ್ಲಿ ಯಾರೂ ಹೆದರುತ್ತಿರಲಿಲ್ಲವಾದ್ದರಿಂದ ಹೀಗಾಗಿರಬೇಕೆಂಬ ವಿವರಣೆಯತ್ತ ಅವರ ಕೆಲಸ ಮುಂದೆ ಸಾಗಿತು. ಮಾನಸಿಕ ಸುರಕ್ಷತೆ ಎಂದು ಇಂದು ಎಲ್ಲೆಡೆ ಕೇಳಿಬರುವ ಕಲ್ಪನೆಯನ್ನು ತಂಡಗಳ ಕಲಿಕೆಯೊಂದಿಗೆ ಜೋಡಿಸಿದ ಅವರ ಪ್ರಬಂಧ ಪ್ರಕಟವಾದದ್ದು 1999ರಲ್ಲಿ. ಮುಂದೆ ಗೂಗಲ್ ತನ್ನ 180 ತಂಡಗಳನ್ನು ಅಧ್ಯಯನ ಮಾಡಿದಾಗಲೂ, ತಂಡದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಇರುವವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಮುಖ್ಯವೆಂದು ಕಂಡುಬಂತು.

ಹೇಳಿದ್ದನ್ನು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಕೊಡುವ ಉದಾಹರಣೆ ದೂರದ್ದಾದರೂ ನಮ್ಮ ಪಕ್ಕದ ಜಿಲ್ಲೆಗೆ ಅದರ ನಂಟಿದೆ. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1980ರ ದಶಕದಲ್ಲಿ ಅಲ್ಲಿಂದ ನಿರ್ವಹಿಸಲಾದ ಇನ್ಸಾಟ್-1ಬಿ ಉಪಗ್ರಹವನ್ನು 1983ರ ಆಗಸ್ಟ್ 30ರಂದು ಆಕಾಶಕ್ಕೆ ಹೊತ್ತೊಯ್ದದ್ದು ಅಮೆರಿಕದ ಚಾಲೆಂಜರ್ ನೌಕೆ. ಅದೇ ಚಾಲೆಂಜರ್ 1986ರ ಜನವರಿ 28ರಂದು ಮೇಲೇರಿದ 73 ಸೆಕೆಂಡುಗಳಲ್ಲಿ ಒಡೆದು ಏಳು ಜನ ಪ್ರಾಣ ಕಳೆದುಕೊಂಡರು. ಹಿಂದಿನ ರಾತ್ರಿಯೇ ರಾಕೆಟ್ ತಯಾರಿಸಿದ್ದ ಥಯೋಕಾಲ್ ಕಂಪನಿಯ ಎಂಜಿನಿಯರುಗಳು, ಚಳಿಯಲ್ಲಿ ರಾಕೆಟ್ಟಿನ ಜೋಡಣೆಗಳನ್ನು ಮುಚ್ಚುವ ರಬ್ಬರಿನ ಓ-ರಿಂಗುಗಳು ಗಡುಸಾಗಿ ಬಿಸಿ ಅನಿಲವನ್ನು ತಡೆಯಲಾರವು, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಎಂದು ದೂರವಾಣಿ ಸಭೆಯಲ್ಲಿ ಹೇಳಿದ್ದರು. ನಾಸಾದ ಅಧಿಕಾರಿಗಳು ಅದಕ್ಕೆ ಅಸಮಾಧಾನ ತೋರಿದರು, ಕಂಪನಿಯ ಹಿರಿಯರೊಬ್ಬರು ತಮ್ಮ ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರನಂತೆ ಯೋಚಿಸುವುದನ್ನು ಬಿಟ್ಟು ವ್ಯವಸ್ಥಾಪಕನಂತೆ ಯೋಚಿಸುವಂತೆ ಹೇಳಿದರು, ಶಿಫಾರಸು ಬದಲಾಯಿತು. ಆ ರಾತ್ರಿ ತಾಂತ್ರಿಕ ಜ್ಞಾನಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನಡವಳಿಕೆಯಲ್ಲಿ. ಹಾರಿಸುವುದು ಸುರಕ್ಷಿತವೆಂದು ಸಾಬೀತು ಮಾಡಬೇಕಾಗಿದ್ದವರು, ಅಪಾಯವಿದೆಯೆಂಬುದನ್ನು ಸಾಬೀತು ಮಾಡುವ ಹೊರೆಯನ್ನು ಎಚ್ಚರಿಸಿದವರ ಮೇಲೆ ಹೊರಿಸಿದರು.

ನಮ್ಮ ಲಾರಿಗಳು ಮಂಗಳೂರಿನ ಬಂದರಿಗೆ ಹೋಗುವ ದಾರಿಯಲ್ಲಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಶಿರಾಡಿಯ ಸ್ಥಿತಿ ಏನೆಂಬುದನ್ನು ಸಕಲೇಶಪುರದವರಿಗೂ ಚಿಕ್ಕಮಗಳೂರಿನವರಿಗೂ ಹೇಳಬೇಕಿಲ್ಲ: ಮಂಜು, ಗುಂಡಿ, ಕುಸಿಯುವ ಮಣ್ಣು. ಹಡಗಿಗೆ ಸರಕು ತಲುಪಿಸುವ ಗಡುವು ಒಂದು ಕಡೆ, "ಈ ರಾತ್ರಿ ಬೇಡ" ಎನ್ನುವ ಚಾಲಕ ಇನ್ನೊಂದು ಕಡೆ. ಚಾಲೆಂಜರ್ ಕಥೆಯನ್ನು ನಾನು ಎಲ್ಲರ ಸಭೆಯಲ್ಲಿ ಹೇಳಿದ ನಂತರ ಚಾಲಕರು ಬರೆಸಿದ ಸಾಲು ಇದು: "ಚಾಲಕ ಬೇಡವೆಂದರೆ ಅಂದು ಲಾರಿ ಹೊರಡುವುದಿಲ್ಲ. ಕಾರಣವನ್ನು ಮರುದಿನ ಬೆಳಿಗ್ಗೆ ಕೂತು ಮಾತನಾಡೋಣ." ಇದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ ಎಂಬ ಆತಂಕ ಮಾಲೀಕರಿಗಿತ್ತು. ಕಾರಣವನ್ನು ಮರುದಿನ ಕೇಳಿಯೇ ಕೇಳುತ್ತಾರೆಂದು ತಿಳಿದಿರುವ ಮನುಷ್ಯ ಸುಮ್ಮಸುಮ್ಮನೆ ಬೇಡವೆನ್ನುವುದಿಲ್ಲ ಎಂಬುದು ನನ್ನ ನಂಬಿಕೆ, ಈವರೆಗೆ ಆ ನಂಬಿಕೆ ಸುಳ್ಳಾಗಿಲ್ಲ.

ಬರೆದ ಸಾಲುಗಳನ್ನು ಕೆಡಿಸುವುದು ಹೆಚ್ಚಾಗಿ ಕೆಟ್ಟ ಮನುಷ್ಯರಲ್ಲ, ಹಣ ಕೊಡುವ ಕ್ರಮ. ಕಾಫಿ ಕೊಯ್ಲಿನಲ್ಲಿ ಕೇಜಿಯ ಲೆಕ್ಕದಲ್ಲಿ ಕೂಲಿ ಕೊಡುತ್ತಾ, ಹಣ್ಣನ್ನು ಮಾತ್ರ ಬಿಡಿಸಿ, ಕಾಯಿ ಬಿಡಿಸಬೇಡಿ ಎಂದು ಗಂಟಲು ಹರಿದುಕೊಂಡರೆ ಪ್ರಯೋಜನವಿಲ್ಲವೆಂಬುದು ತೋಟ ಮಾಡಿದ ಎಲ್ಲರಿಗೂ ಗೊತ್ತು. ತಕ್ಕಡಿಗೆ ಹಣ್ಣೂ ಕಾಯಿಯೂ ಒಂದೇ. ಹಣ್ಣೇ ಬೇಕಿದ್ದರೆ ಹಣ್ಣಿಗೆ ತಕ್ಕ ಕೂಲಿ ಕೊಡಬೇಕು. ಕಚೇರಿಗಳ ಕಥೆಯೂ ಬೇರೆಯಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಗ್ರಾಹಕರ ಹಿತದ ಮಾತನಾಡುತ್ತಲೇ ಪ್ರತಿ ಶಾಖೆಗೂ ಖಾತೆಗಳ ಗುರಿ ವಿಧಿಸಿದ್ದರಿಂದ, ನೌಕರರು ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿದ್ದಿತು, ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು. ಅವರೆಲ್ಲ ಹುಟ್ಟಿನಿಂದ ಮೋಸಗಾರರೇ? ನನಗೆ ಹಾಗನ್ನಿಸುವುದಿಲ್ಲ.

ಇನ್ನು ಅತಿ ಕಷ್ಟದ ವಿಷಯ. ಮೂಡಿಗೆರೆಯಿಂದ ಆಲ್ದೂರಿನವರೆಗೆ ಪ್ರತಿಯೊಬ್ಬ ಬೆಳೆಗಾರರನ್ನೂ ಹೆಸರು ಹಿಡಿದು ಬಲ್ಲ, ಕೈಯಲ್ಲಿ ಬೀಜ ಹಿಡಿದೇ ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಎಷ್ಟು ಬೀಜ ಸಿಗುತ್ತದೆಂಬುದು) ಅಂದಾಜು ಮಾಡಬಲ್ಲ ಖರೀದಿದಾರರು ನಮ್ಮಲ್ಲಿ ಒಬ್ಬರಿದ್ದಾರೆ. ಕೋಪ ಬಂದರೆ ಸ್ಯಾಂಪಲ್ ತಟ್ಟೆಯನ್ನು ಮೇಜಿಗೆ ಬಡಿದು ಕಿರುಚುವ ಅಭ್ಯಾಸವೂ ಅವರಿಗಿತ್ತು. ಒಪ್ಪಂದವಾದ ಮೇಲೂ ಅದು ಮುಂದುವರಿದಾಗ ಗೋದಾಮಿನ ಪ್ರತಿಯೊಬ್ಬರ ಕಣ್ಣೂ ಮಾಲೀಕರ ಕಡೆಗಿತ್ತು. ಲಾಭ ತರುವವರಿಗೆ ಈ ಸಾಲುಗಳು ಅನ್ವಯಿಸುತ್ತವೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ ಉಳಿದೆಲ್ಲ ಸಾಲುಗಳ ಬೆಲೆ ನಿಂತಿತ್ತು. ಮಾಲೀಕರು ಅವರನ್ನು ಒಬ್ಬರನ್ನೇ ಕರೆದು ಮಾತನಾಡಿದರು. ಮತ್ತೆ ನಡೆದಾಗ, ಆ ಋತುವಿನ ಖರೀದಿ ಸಭೆಗಳನ್ನು ನಡೆಸುವ ಹೊಣೆಯನ್ನು ಬೇರೆಯವರಿಗೆ ಕೊಟ್ಟರು. ಕೆಲವು ಒಳ್ಳೆಯ ಲಾಟುಗಳು ಕೈತಪ್ಪಿದವು. ಆ ನಷ್ಟವನ್ನು ಮಾಲೀಕರು ಒಪ್ಪಿಕೊಂಡದ್ದನ್ನು ಕಂಡ ಮೇಲೆಯೇ ಬೀಜ ಆರಿಸುವ ವಿಭಾಗದಿಂದ ಮೊದಲ ಬಾರಿಗೆ ಒಬ್ಬ ಸೂಪರ್‌ವೈಸರ್ ಮೇಲೆ ದೂರು ಬಂದದ್ದು. ಅಲ್ಲಿಯವರೆಗೆ ದೂರುಗಳೇ ಇರಲಿಲ್ಲ. ಇರಲಿಲ್ಲವೆಂದು ಸಂತೋಷಪಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಖರೀದಿದಾರರು ಈಗಲೂ ನಮ್ಮಲ್ಲಿಯೇ ಇದ್ದಾರೆ. ಅವರ ದನಿ ಈಗಲೂ ಏರುತ್ತದೆ, ಆದರೆ ಏರಿದಾಗ ಅವರೇ ಹೊರಗೆ ಹೋಗಿ ಸ್ವಲ್ಪ ಹೊತ್ತಿನ ನಂತರ ಒಳಗೆ ಬರುತ್ತಾರೆ.

ಈ ಸಾಲುಗಳನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆಸಿ, ಕಾರ್ಮಿಕರು ಒಳಬರುವ ಬಾಗಿಲಲ್ಲಿಯೇ ಹಾಕಿದ್ದೇವೆ. ಓದಲು ಬಾರದವರಿಗಾಗಿ, ಹೊಸಬರು ಸೇರಿದ ದಿನ ಅವರದೇ ವಿಭಾಗದ ಒಬ್ಬರು ಇವನ್ನು ಓದಿ ಹೇಳುತ್ತಾರೆ, ಸಿಬ್ಬಂದಿ ವಿಭಾಗದ ನಾನಲ್ಲ. ವರ್ಷಕ್ಕೊಮ್ಮೆ ಕುಳಿತು ನಡೆಯದ ಸಾಲುಗಳನ್ನು ತೆಗೆದುಹಾಕುತ್ತೇವೆ. ಸಭೆಯಲ್ಲಿ ಯಾರೂ ಮೊಬೈಲ್ ನೋಡಕೂಡದು ಎಂಬ ಸಾಲನ್ನು ಹೀಗೆಯೇ ತೆಗೆದೆವು. ಖರೀದಿಯ ದಿನಗಳಲ್ಲಿ ಬೆಲೆ ನೋಡದೆ ಸಭೆ ನಡೆಸಲಾಗುವುದಿಲ್ಲ, ಪಾಲಿಸಲಾಗದ ಸಾಲೊಂದು ಗೋಡೆಯ ಮೇಲಿದ್ದರೆ ಉಳಿದವುಗಳ ಬೆಲೆಯೂ ಇಳಿಯುತ್ತದೆ.

ಸದ್ಯಕ್ಕೆ ನಮ್ಮಲ್ಲಿ ತೀರ್ಮಾನವಾಗದೆ ಉಳಿದಿರುವುದು ಸಂಜೆಯ ವಾಟ್ಸ್‌ಆ್ಯಪ್ ಸಂದೇಶಗಳ ವಿಷಯ. ಸಂಜೆ ಏಳರ ನಂತರ ಕೆಲಸದ ಸಂದೇಶ ಕಳುಹಿಸಕೂಡದು ಎಂಬುದು ಕಚೇರಿಯ ಹೆಣ್ಣುಮಕ್ಕಳ ಬೇಡಿಕೆ. ಮನೆಗೆ ಹೋದ ಮೇಲೆ ಅಡುಗೆಯ ನಡುವೆ ಉತ್ತರಿಸುವವರು ತಾವು ಎಂದು ಅವರು ಹೇಳುತ್ತಾರೆ. ಕೊಯ್ಲಿನ ತಿಂಗಳುಗಳಲ್ಲಿ ತೋಟಗಳಿಂದ ಲೋಡು ಬರುವುದೇ ಕತ್ತಲಾದ ಮೇಲೆ, ಸಂದೇಶವಿಲ್ಲದೆ ಇಳಿಸಿಕೊಳ್ಳುವವರಿಗೆ ತಿಳಿಯುವುದು ಹೇಗೆ ಎಂಬುದು ಗೋದಾಮಿನವರ ವಾದ. ಲೋಡಿನ ಸಂದೇಶಕ್ಕೆಂದೇ ಪ್ರತ್ಯೇಕ ಗುಂಪು ಮಾಡಿ, ಅದರಲ್ಲಿ ಆ ರಾತ್ರಿಯ ಪಾಳಿಯವರು ಮಾತ್ರ ಇರಲಿ, ಪಾಳಿಗೆ ಹೆಚ್ಚುವರಿ ಭತ್ಯೆ ಕೊಡಲಿ ಎಂದು ನಾನು ಸೂಚಿಸಿದ್ದೇನೆ. ಭತ್ಯೆಯ ಮಾತಿಗೆ ಮಾಲೀಕರು ಇನ್ನೂ ಒಪ್ಪಿಲ್ಲ. ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಇದನ್ನು ಮತ್ತೆ ಸಭೆಯ ಮುಂದಿಡುತ್ತೇನೆ, ಈ ಬಾರಿ ಕಚೇರಿಯವರನ್ನೂ ಗೋದಾಮಿನವರನ್ನೂ ಒಟ್ಟಿಗೆ ಕೂರಿಸಿ.